ಎಂಜಿನ್‌ಗೆ ಅರಿಶಿನದ ನೀರು

ಕಾರಿನ ಬಾನೆಟ್ ಎತ್ತಿ, ಎಂಜಿನ್ ಮೇಲೆ ಚೊಂಬಿನಿಂದ ಅರಿಶಿನದ ನೀರು ಸುರಿಯುತ್ತಿದ್ದ ಗೌರಮ್ಮನವರನ್ನು ಕಂಡು ನಾನು ಅಂಗಳದಲ್ಲೇ ನಿಂತುಬಿಟ್ಟೆ.

ಐವತ್ತರ ದಶಕದ ಕೊನೆಯ ಮಾತು. ಕ್ಯಾಸಂಬಳ್ಳಿಯಲ್ಲಿದ್ದ ಅವರ ಮಗ ಚಿನ್ನದ ಗಣಿಯ ಬಿಳಿ ದೊರೆಯೊಬ್ಬನಿಂದ ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದ. ಅದು ಕೆಲವು ದಿನ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು, ಕೆಲವು ದಿನ ಜಪ್ಪಯ್ಯ ಅಂದರೂ ಆಗುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ನನ್ನ ಗ್ಯಾರೇಜಿನಲ್ಲಿ ಬ್ಯಾಟರಿ, ಪ್ಲಗ್ಗು ಎಲ್ಲ ಬದಲಾಯಿಸಿ ಸೋತಿದ್ದೆ. ಮಗ ಕಾರನ್ನು ಗುಜರಿಗೆ ಹಾಕಲು ಹೊರಟಾಗ, ಕೊನೆಯ ಸಲ ನೋಡೋಣವೆಂದು ಅವರ ಮನೆಗೇ ಹೋಗಿದ್ದೆ.

"ಯಾರ್ದೋ ಕಣ್ಣು ಬಿದ್ದೈತೆ ಕಣಪ್ಪ," ಎಂದರು ಗೌರಮ್ಮ. "ಸುಕ್ರವಾರದ ಪೂಜೆ ಸಾಲ್ದು ಅಂತ ಈಗ ಮಂಗಳವಾರಾನೂ ಸುರು ಮಾಡಿವ್ನಿ."

ವೈರುಗಳು ನೆನೆದರೆ ಕಿಡಿ ಹಾರದು ಎಂದು ಆ ಭಕ್ತಿಗೆ ಹೇಗೆ ಹೇಳುವುದು?

"ಎಂಜಿನ್ ಅಂದ್ರೆ ಗರ್ಭಗುಡಿ ಇದ್ದಂಗೆ ಅಮ್ಮ. ನೀವು ಹೊರಗಿಂದ್ಲೇ ಚಕ್ರಕ್ಕೆ ಪೂಜೆ ಮಾಡ್ಬೇಕು," ಎಂದೆ. ಅವರು ಗಾಬರಿಯಿಂದ ಕೆನ್ನೆ ತಟ್ಟಿಕೊಂಡು ಒಪ್ಪಿದರು. ಕಾರು ಮತ್ತೆ ಕೈಕೊಡಲಿಲ್ಲ.

ಮೆಕ್ಯಾನಿಕ್ ಕೈಲಿ ಆಗದ್ದು ಪೂಜೆಯ ಕ್ರಮ ಸರಿಯಾದ ಮೇಲೆ ಆಯಿತೆಂದು ಗೌರಮ್ಮ ಊರೆಲ್ಲ ಹೇಳಿಕೊಂಡು ಬಂದರು. ಯೋಚಿಸಿದರೆ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.