ಎಮ್ಮೆ ಇಲ್ಲದ ಊರಿನ ಚಹಾ

ದೀಪ ಹಚ್ಚುವ ಹೊತ್ತಿಗೆ ರೇವವ್ವ ಒಂದು ಹಿಡಿ ಉಪ್ಪು, ನಾಲ್ಕು ಒಣ ಮೆಣಸಿನಕಾಯಿ ಹಿಡಿದು ಪಡಸಾಲೆಗೆ ಬಂದಳೆಂದರೆ ಮನೆಯವರೆಲ್ಲ ಇದ್ದಲ್ಲೇ ನಿಲ್ಲಬೇಕು. ದೃಷ್ಟಿ ತೆಗೆಯುವ ಹೊತ್ತು ಅದು. ಮೊದಲು ಗಂಡ ಬಸವಣ್ಣೆಪ್ಪ, ಆಮೇಲೆ ಸೊಸೆ ಸೌಂದರ್ಯಾ, ಆಮೇಲೆ ನೆಗೆಣ್ಣಿ ಮಲ್ಲಕ್ಕ, ಅಂದರೆ ಮೈದುನನ ಹೆಂಡತಿ. ನಂತರ ಹಿತ್ತಲಿನ ಎಮ್ಮೆ, ಕೊನೆಗೆ ಟ್ರ್ಯಾಕ್ಟರು. “ನಾಯಿ ಕಣ್ಣ, ನರಿ ಕಣ್ಣ, ಹೋಗೂರ ಕಣ್ಣ, ಬರೂರ ಕಣ್ಣ, ಬಾಜು ಮನಿಯವರ ಕಣ್ಣ” ಎಂದು ಇಳಿಸಿ ನೀರೊಲೆಯ ಬೆಂಕಿಗೆ ಹಾಕುವಳು. ಬಾಜು ಮನೆಯ ಹೊಳೆಪ್ಪ ಕಟ್ಟೆಯ ಮೇಲೆ ಕುಳಿತಿದ್ದರೆ ಕೊನೆಯ ಕಣ್ಣನ್ನು ಮಾತ್ರ ಸ್ವಲ್ಪ ಮೆಲ್ಲಗೆ ಅನ್ನುವಳು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಈ ಕೆಲಸ ತಪ್ಪಿದ್ದಿಲ್ಲ. ನಮ್ಮೂರು ತಿರ್ಲಾಪುರದಲ್ಲಿ ಅವಳ ಮನೆಯ ಕಡೆಯಿಂದ ಘಾಟಿನ ಕೆಮ್ಮು ಕೇಳಿಸಿತೆಂದರೆ ಸಂಜೆಯಾಯಿತೆಂದು ನಾವು ತಿಳಿಯುತ್ತೇವೆ.

ಅವಳಿಗೆ ಇನ್ನೊಂದು ಗುಣವೂ ಇತ್ತು. ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಅದಕ್ಕೆ ಸೂಟ್ ಅನ್ನುತ್ತಾರೆ. ನವಲಗುಂದಕ್ಕೆ ಒಂದು ಜಮಖಾನೆ ತರಲು ಹೋದವಳು ಎರಡನೆಯದಕ್ಕೆ ಸೂಟ್ ಇದೆಯೆಂದು ಎರಡು ತಂದಳು. ಹಾಸಲು ಜಾಗವಿಲ್ಲದೆ ಒಂದು ಇಂದಿಗೂ ಮೂಲೆಯಲ್ಲಿ ಸುತ್ತಿಕೊಂಡು ನಿಂತಿದೆ. ಐದು ಪ್ಲಾಸ್ಟಿಕ್ ಸ್ಟೂಲಿಗೆ ಒಂದು ಪುಕ್ಕಟೆ ಎಂದಾಗ, ಮಗ ದುಡಿಯಲು ಪರಊರಿಗೆ ಹೋದ ಮೇಲೆ ನಾಲ್ಕೇ ಮಂದಿ ಉಳಿದ ಮನೆಗೆ ಆರು ಸ್ಟೂಲು ಬಂದವು.

“ಪುಕ್ಕಟ ಕೊಡತೇನಂದ್ರ ನೀ ಜಡ್ಡನೂ ಉಡ್ಯಾಗ ಕಟ್ಟಿಕೊಂಡ ಬರಾಕಿ,” ಎಂದು ಬಸವಣ್ಣೆಪ್ಪ ಹಂಗಿಸುತ್ತಿದ್ದ.

“ನಿಮ್ಮನ್ನೇನ ನಮ್ಮಪ್ಪ ಪುಕ್ಕಟ ತಂದಿಲ್ಲ. ವರದಕ್ಷಿಣಿ ಎಣಿಸಿ ಕೊಟ್ಟಾನ. ಒಂದ ರೂಪಾಯಿ ಸೂಟ್ ಬಿಡಲಿಲ್ಲ ನಿಮ್ಮವ್ವ,” ಎಂದು ರೇವವ್ವ ಬಾಯಿ ಮುಚ್ಚಿಸುತ್ತಿದ್ದಳು.

ಒಟ್ಟಿನಲ್ಲಿ, ಪುಕ್ಕಟೆ ಸಿಕ್ಕಿದ್ದನ್ನು ರೇವವ್ವ ಬೇಡ ಅಂದದ್ದನ್ನು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ.

ಆ ಮನೆಯಲ್ಲಿ ಬೆಳಗಿನ ಚಹಾ ಮಲ್ಲಕ್ಕನ ಪಾಳಿ. ಕಿರಿಯ ಸೊಸೆಯಾಗಿ ಬಂದ ದಿನ ಅತ್ತೆ ಹಾಲಿನ ತಂಬಿಗೆ ಕೈಗೆ ಕೊಟ್ಟಿದ್ದಳು. ಅತ್ತೆ ಹೋದಳು, ಗಂಡ ಹೋದ, ಮುಂದಿನ ಸೊಸೆಯೂ ಬಂದಳು, ತಂಬಿಗೆ ಮಾತ್ರ ಮಲ್ಲಕ್ಕನ ಕೈ ಬಿಡಲಿಲ್ಲ. ಕೋಳಿಗಿಂತ ಮೊದಲು ಎಮ್ಮೆ ಒದರುತ್ತದೆ, ಎಮ್ಮೆ ಒದರಿದರೆ ಮಲ್ಲಕ್ಕ ಏಳುತ್ತಾಳೆ. ಉಳಿದವರು ಕಣ್ಣು ತಿಕ್ಕುತ್ತ ಬರುವಷ್ಟರಲ್ಲಿ ಚಹಾ ಸೋಸಿಟ್ಟಿರುತ್ತದೆ.

ಹೋದ ಶ್ರಾವಣದಲ್ಲಿ ಮಲ್ಲಕ್ಕನಿಗೆ ಜ್ವರ ಬಂದು ಕೈಕಾಲು ಬಾತವು. ಸೌಂದರ್ಯಾ ಹಾಸಿಗೆಗೇ ಚಹಾ ತಂದುಕೊಟ್ಟಳು. ಕಪ್ಪು ಹಿಡಿದು ಮಲ್ಲಕ್ಕ ನಕ್ಕಳು. “ಕೈ ಬಾತ ಮ್ಯಾಲ ಕೈಗೆ ಚಾ ಬಂತ ನೋಡವಾ. ಒಮ್ಮೆರ ಜಡ್ಡ ಇಲ್ಲದ, ಹಿಂಗ ಹಾಸಗ್ಯಾಗ ಕುಂತ, ಯಾರರ ಮಾಡಿದ ಚಾ ಕುಡಿಬೇಕಂತ ನನಗ ಆಸೆ. ಹಣ್ಯಾಗ ಬರದಾನೋ ಇಲ್ಲೋ ಶಿವಾ.”

ನಗುತ್ತಲೇ ಅಂದ ಮಾತು. ಬಾಗಿಲಲ್ಲಿ ನಿಂತಿದ್ದ ರೇವವ್ವನಿಗೆ ಅದು ಮುಳ್ಳಿನಂತೆ ನಾಟಿತು. ಇಷ್ಟು ವರ್ಷ ಆ ಚಹಾ ಕುಡಿದು ‘ಸಕ್ಕರಿ ಕಡಿಮಿ ಆತು’ ಅನ್ನುತ್ತ ಬಂದವಳು ಅವಳೇ. ಜ್ವರ ಬಿಟ್ಟ ಮೇಲೆ, ತಾನೇ ಮೊದಲು ಎದ್ದು ಒಲೆ ಹಚ್ಚಬೇಕೆಂದು ಒಂದೆರಡು ಸಲ ಹವಣಿಸಿದಳು. ಪ್ರತಿ ಸಲವೂ ಅಡುಗೆಮನೆಯಲ್ಲಿ ಆಗಲೇ ಬೆಳಕಿರುತ್ತಿತ್ತು. “ಯಾಕ ಯಕ್ಕಾ, ನಿದ್ದಿ ಬರಲಿಲ್ಲೇನು? ತಡಿ, ಸೋಸಿ ಕೊಡತೇನಿ,” ಎನ್ನುತ್ತಿದ್ದಳು ಮಲ್ಲಕ್ಕ.

“ಎಮ್ಮಿ ಇರೂತನಾ ಇದು ಆಗೂ ಮಾತಲ್ಲ,” ಎಂದು ರೇವವ್ವ ಸೊಸೆಯ ಹತ್ತಿರ ಗುಟ್ಟಾಗಿ ಹೇಳಿದಳು. “ಎಮ್ಮಿ ಇಲ್ಲದ ಊರಿಗೆ ಆಕಿನ್ನ ಕರಕೊಂಡ ಹೋಗಬೇಕು. ಒಂದ ರಾತ್ರಿ ಸಾಕು.”

ಅಂಥ ಊರು ಸೌಂದರ್ಯಾಳ ಫೋನಿನಲ್ಲಿ ಸಿಕ್ಕಿತು. ಹುಬ್ಬಳ್ಳಿ ದಾಟಿ ಹೆದ್ದಾರಿಯ ಬದಿಗೆ ಒಂದು ಥೀಮ್ ಪಾರ್ಕು. ನೀರಿನ ಜಾರುಬಂಡೆ, ಅಲೆ ಏಳುವ ಕೊಳ, ಒಳಗೇ ಹೋಟೆಲು. ಚಿತ್ರದಲ್ಲಿ ಬಿಳಿ ಹಾಸಿಗೆಯ ಮೇಲೆ ಒಬ್ಬ ಹೆಂಗಸು ದಿಂಬಿಗೆ ಒರಗಿ ಕುಳಿತಿದ್ದಳು. ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಹೊಗೆಯಾಡುವ ಚಹಾ. ಮೇಲೆ ಕೆಂಪು ಅಕ್ಷರದಲ್ಲಿ ‘ಶೇಕಡಾ ನಲವತ್ತು ರಿಯಾಯಿತಿ’. ಮಲ್ಲಕ್ಕನ ಆಸೆಯೂ ತನ್ನ ಚಟವೂ ಒಂದೇ ಚಿತ್ರದಲ್ಲಿ ಕಂಡು ರೇವವ್ವ ಕೈ ಮುಗಿದುಬಿಟ್ಟಳು.

ಐದು ಸಾವಿರ ಎಂದು ಬರೆದು, ಅದಕ್ಕೆ ಗೆರೆ ಹೊಡೆದು, ಕೆಳಗೆ ಮೂರು ಸಾವಿರ ಎಂದಿತ್ತು. ತುಪ್ಪ ಮಾರಿ ಕೂಡಿಟ್ಟದ್ದು ರೇವವ್ವನ ಹತ್ತಿರ ಅಷ್ಟಿತ್ತು. ಒಳ್ಳೆಯ ದಿನ ನೋಡಿ ಹಣ ಕಟ್ಟೋಣವೆಂದಳು. ಮರುದಿನ ನೋಡಿದರೆ ಗೆರೆ ಹೊಡೆದದ್ದು ಆರು ಸಾವಿರವಾಗಿ, ಕೆಳಗಿನದು ಮೂರು ಸಾವಿರದ ಆರುನೂರು ಆಗಿತ್ತು.

“ಸೂಟ್ ಅಷ್ಟ ಐತ್ರಿ ಅತ್ತಿ, ರೇಟ್ ಅಷ್ಟ ಏರೇತಿ,” ಎಂದಳು ಸೌಂದರ್ಯಾ.

“ಅಂದ್ರ ನಿನ್ನೆ ಎರಡ ಸಾವಿರ ಉಳೀತಿತ್ತು, ಇವತ್ತ ಎರಡ ಸಾವಿರದ ನಾಕನೂರ ಉಳೀತೈತಿ! ಛಲೋನ ಆತಲ್ಲ,” ಎಂದಳು ರೇವವ್ವ.

ಚಹಾದ ಗುಟ್ಟು ಮಲ್ಲಕ್ಕನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಮತ್ತೆ ಸೂಟಿನ ಹುಚ್ಚು ಹಿಡಿದಿದೆ ಎಂದೇ ಅವಳ ಎಣಿಕೆ. ಜೋಳ ಹಸನು ಮಾಡುತ್ತಲೇ ಅಂದಳು: “ಹಿಂಗ ಉಳಿಸಿಕೋತ ಹೋದ್ರ ಒಂದಿನ ಹೊಲಾ ಮಾರಬೇಕಾಗತೈತಿ ಯಕ್ಕಾ.”

ಚಿತ್ರದ ಕೆಳಗೆ ‘ಎರಡೇ ಕೋಣೆ ಉಳಿದಿವೆ’ ಎಂದು ಹೊಳೆಯುತ್ತಿತ್ತು. ವಾರವಾದರೂ ಅವು ಎರಡೇ. ಅದಕ್ಕೂ ಮಲ್ಲಕ್ಕನ ಹತ್ತಿರ ಮಾತಿತ್ತು. “ನಮ್ಮ ಊರಾಗಿನ ಲಗ್ನಾಗಲಾರದ ಗಂಡಸರಿದ್ದಂಗ ಅದಾವು. ನೋಡಾಕ ಬರೂರು ಬಾಳ, ಹ್ಞೂಂ ಅನ್ನೂರು ಯಾರೂ ಇಲ್ಲ.”

ಸುದ್ದಿ ಓಣಿಗೆಲ್ಲ ಹಬ್ಬಿತು. ಸಂಜೆ ಕಟ್ಟೆಗೆ ಬಂದವರು ಹತ್ತಿಯ ದರ ಕೇಳಿದಂತೆ ಕೋಣೆಯ ದರ ಕೇಳತೊಡಗಿದರು. ಫೋನು ಕೈಯಿಂದ ಕೈಗೆ ಹೋಗುತ್ತಿತ್ತು, ದರ ಏರುತ್ತಲೇ ಇತ್ತು.

“ನೋಡ್ರಿ ವೈನಿ,” ಎಂದ ಹೊಳೆಪ್ಪ ರೇವವ್ವನಿಗೆ. “ನಾವು ಹತ್ತಿ ತಗೊಂಡ ಹೋದ ದಿನ ರೇಟ್ ಇಳೀತೈತಿ. ನಾವು ಏನರ ಕೊಳ್ಳಾಕ ನಿಂತ ದಿನ ಏರತೈತಿ. ಆ ರೇಟಿಗೆ ನಮ್ಮ ಮುಖದ ಗುರ್ತ ಐತಿ.”

“ಬಾಳ ಮಂದಿ ನೋಡಿದ್ರ ಏರತೈತಂತ್ರಿ ಕಾಕಾ,” ಎಂದಳು ಸೌಂದರ್ಯಾ.

ಅಷ್ಟು ಸಾಕಾಯಿತು ರೇವವ್ವನಿಗೆ. “ಮೊದಲ ಹೇಳಬಾರದೇನ? ಊರ ಮಂದಿ ಎಲ್ಲಾ ಕಣ್ಣ ಹಾಕ್ಯಾರ!”

ಆ ಸಂಜೆ ಟ್ರ್ಯಾಕ್ಟರಿನ ನಂತರ ಫೋನಿಗೂ ದೃಷ್ಟಿ ತೆಗೆದರು. ಸ್ಟೂಲಿನ ಮೇಲೆ ಫೋನು ಇಟ್ಟು ರೇವವ್ವ ಉಪ್ಪು ಮೆಣಸಿನಕಾಯಿ ಇಳಿಸಿದಳು. ಈ ಸಲ ಬಾಜು ಮನೆಯವರ ಕಣ್ಣನ್ನು ಗಟ್ಟಿಯಾಗಿಯೇ ಹೇಳಿದಳು. ಹೊಳೆಪ್ಪ ಎದ್ದು ಮನೆಗೆ ಹೋದ. ಎರಡು ದಿನ ಫೋನು ಯಾರ ಕೈಗೂ ಕೊಡಲಿಲ್ಲ. ಸೋಮವಾರ ತೆರೆದರೆ ದರ ಎರಡು ಸಾವಿರದ ಎಂಟುನೂರಕ್ಕೆ ಇಳಿದಿತ್ತು. ದಸರೆಯ ರಜೆ ಮುಗಿದು ಅಂದೇ ಶಾಲೆ ಶುರುವಾಗಿತ್ತು. ದರ ಇಳಿದದ್ದು ಅದಕ್ಕೇ ಎಂದು ಸೌಂದರ್ಯಾಳಿಗೆ ಗೊತ್ತಿತ್ತು, ಆದರೆ ಅತ್ತೆಯ ಮುಖದ ಕಳೆ ಕೆಡಿಸಲಿಲ್ಲ. ಅಲ್ಲೇ ಹಣ ಕಟ್ಟಿದರು.

“ಎಮ್ಮಿ?” ಎಂದಳು ಮಲ್ಲಕ್ಕ.

“ಒಂದಿನ ಎಲ್ಲಾ ಹಾಲೂ ಕರಾ ಕುಡೀಲಿ. ಅದಕ್ಕೂ ಸೂಟ್ ಸಿಗಲಿ,” ಎಂದಳು ರೇವವ್ವ.

ಪಾರ್ಕಿಗೆ ಹೋದದ್ದು ರೇವವ್ವ, ಮಲ್ಲಕ್ಕ ಇಬ್ಬರೇ. ಇಬ್ಬರೂ ಜಾರುಬಂಡೆಯ ಹತ್ತಿರ ಹೋಗಲಿಲ್ಲ. ಅಲೆಯ ಕೊಳದ ಅಂಚಿನಲ್ಲಿ ಸೀರೆ ಎತ್ತಿ ಕಾಲು ಇಳಿಬಿಟ್ಟು ಕುಳಿತರು. ಸೈರನ್ ಕೂಗಿತು, ನೀರು ಏರಿ ಬಂದು ಮೊಣಕಾಲು ತೋಯಿಸಿತು. “ಯಪ್ಪಾ, ಸಮುದ್ರಕ್ಕ ಬಟನ್ ಹಚ್ಯಾರ ಯಕ್ಕಾ!” ಎಂದು ಮಲ್ಲಕ್ಕ ಚಿಕ್ಕ ಹುಡುಗಿಯಂತೆ ನಕ್ಕಳು. ಆ ನಗೆ ನೋಡಿ ರೇವವ್ವನಿಗೆ ನಾಳೆ ಬೆಳಗಿನ ಚಹಾ ಇನ್ನಷ್ಟು ಮುಖ್ಯವಾಯಿತು.

ಹೋಟೆಲಿನ ಕೌಂಟರಿನಲ್ಲಿ ಕುಂದಗೋಳದ ಹುಡುಗಿ, ಹೆಸರು ಶಗುಫ್ತಾ. ಕೀಲಿ ಕೊಟ್ಟಳು. ಮಲ್ಲಕ್ಕ ಮೀನಿನ ತೊಟ್ಟಿ ನೋಡುತ್ತಿದ್ದಾಗ ರೇವವ್ವ ಬಗ್ಗಿ ಕೇಳಿದಳು: “ತಂಗಿ, ಮುಂಜಾನಿ ರೂಮಿಗೆ ಚಾ ಎಷ್ಟಕ್ಕ ಬರತೈತಿ?”

“ನೂರಾ ನಲವತ್ತಕ್ರಿ.”

“ನಾ ಹೊತ್ತ ಕೇಳಿದ್ನವಾ.”

“ನಾ ರೇಟ್ ಹೇಳಿದ್ನಿರಿ ಅಮ್ಮಾ. ಒಂದ ಕಪ್ಪಿಗೆ. ನೀವು ತಗೊಂಡಿದ್ದು ಬರೇ ರೂಮಿನ ರೇಟ್. ಚಾ, ನಾಷ್ಟಾ ಅದರಾಗ ಬರೂದಿಲ್ಲ.”

ರೇವವ್ವ ಗೋಡೆಯ ಮೇಲಿನ ದೊಡ್ಡ ಚಿತ್ರದತ್ತ ಕೈ ತೋರಿಸಿದಳು. ಅದೇ ಬಿಳಿ ಹಾಸಿಗೆ, ಅದೇ ತಟ್ಟೆ. “ಮತ್ತ ಆಕಿ ಕುಡ್ಯಾಕತ್ಯಾಳಲ್ಲ?”

“ಆಕಿ ಬ್ಯಾರೆ ರೇಟಿನ್ಯಾಕಿರಿ.”

ನಾಷ್ಟಾದ ದರವನ್ನೂ ಕೇಳಿದ ಮೇಲೆ, ಉಳಿಸಿದ ಸೂಟೆಲ್ಲ ಎರಡು ಇಡ್ಲಿಯಲ್ಲಿ ಮುಗಿಯುತ್ತದೆಂದು ರೇವವ್ವನಿಗೆ ತಿಳಿಯಿತು. ಸೆರಗಿನ ಗಂಟಿನಲ್ಲಿ ಇದ್ದದ್ದು ಮರಳಿ ಹೋಗುವ ಆಟೋದ ಹಣ ಮಾತ್ರ. ಅವಳ ಮುಖ ಕಂಡು ಶಗುಫ್ತಾ ಅಂದಳು: “ರೂಮಿನ್ಯಾಗ ಕರೆಂಟಿನ ಕೆಟಲ್ ಐತ್ರಿ, ಚಾಪುಡಿ, ಹಾಲಿನ ಪುಡಿ ಅದಾವು. ಅದಕ್ಕ ರೊಕ್ಕ ಇಲ್ಲ. ನೀವ ಮಾಡಿಕೋಬಹುದು.”

ಹಿಂದಿನಿಂದ ಮಲ್ಲಕ್ಕ ಬಂದು ಕೇಳಿಸಿಕೊಂಡಿದ್ದಳು. “ಹೋಗ್ಲಿ ಬಿಡ ಯಕ್ಕಾ, ನಾನ ಮಾಡತೇನಿ. ಹುಬ್ಬಳ್ಳಿ ದಾಟಿದ್ರೂ ಈ ಚಾ ನನ್ನ ಬೆನ್ನ ಬಿಡಲಿಲ್ಲ ನೋಡು,” ಎಂದು ನಕ್ಕಳು. ರೇವವ್ವನಿಗೆ ನಗು ಬರಲಿಲ್ಲ.

ಕೋಣೆಗೆ ಹೋಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಚೀಲದಲ್ಲಿ ಉಪ್ಪು, ಮೆಣಸಿನಕಾಯಿ, ಕರ್ಪೂರ ಬಂದಿದ್ದವು. ಮಲ್ಲಕ್ಕನನ್ನು ಹಾಸಿಗೆಯ ಮೇಲೆ ಕೂಡಿಸಿ ದೃಷ್ಟಿ ತೆಗೆದಳು. ಒಲೆ ಎಲ್ಲಿಂದ ಬರಬೇಕು? ಬಚ್ಚಲಮನೆಯಲ್ಲಿ ಸ್ಟೀಲಿನ ತಾಟು ಇಟ್ಟು ಕರ್ಪೂರ ಹಚ್ಚಿ ಮೆಣಸಿನಕಾಯಿ ಹಾಕಿದಳು. ಘಾಟು ಮೇಲೇರಿದ್ದೇ ತಡ, ಚಾವಣಿಯಲ್ಲಿದ್ದ ಯಾವುದೋ ಬಿಳಿ ಡಬ್ಬಿ ಊರೇ ಕೇಳುವಂತೆ ಕಿರುಚಿಕೊಂಡಿತು.

“ದೃಷ್ಟಿ ಹೋತೋ ಇಲ್ಲೋ, ಜೀವ ಹೋಗತೈತಿ ಈಗ!” ಎಂದು ಮಲ್ಲಕ್ಕ ಕೆಮ್ಮುತ್ತ ದಿಂಬು ಬೀಸತೊಡಗಿದಳು.

ಓಡಿ ಬಂದವರ ಮುಂದೆ ಶಗುಫ್ತಾ ಇದ್ದಳು. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಚ್ಚಲಿಗೆ ನುಗ್ಗಿ ನೀರು ಸುರಿದಳು. ತಾಟು ನೋಡಿ ಅವಳ ಸಿಟ್ಟು ಅರ್ಧಕ್ಕೆ ನಿಂತಿತು. “ಅಯ್ಯ, ದೃಷ್ಟಿ ತೆಗದೀರೇನ್ರಿ? ನಮ್ಮಮ್ಮೀನೂ ತೆಗೀತಾಳ್ರಿ. ಆದ್ರ ಇಲ್ಲಿ ಬೆಂಕಿ ಹಚ್ಚಬಾರದ್ರಿ ಅಮ್ಮಾ, ನನ್ನ ನೌಕರಿ ಹೋಗತೈತಿ.”

“ತಪ್ಪಾತ ಮಗಳ. ನನಗ ಗೊತ್ತಾಗಲಿಲ್ಲ,” ಎಂದಳು ರೇವವ್ವ, ಕೈ ಹಿಡಿದು.

ಉಳಿದವರನ್ನು ಕಳಿಸಿ ಶಗುಫ್ತಾ ಬಾಗಿಲಲ್ಲೇ ನಿಂತಳು. ಲಗ್ನ ಗೊತ್ತಾದಾಗಿನಿಂದ ತನಗೆ ತಲೆನೋವು ಬಿಟ್ಟಿಲ್ಲವೆಂದೂ, ಬೆಂಕಿ ಇಲ್ಲದೆ ತೆಗೆಯಲು ಬರುತ್ತದೆಯೇ ಎಂದೂ ಸಣ್ಣ ದನಿಯಲ್ಲಿ ಕೇಳಿದಳು. ರೇವವ್ವ ಅವಳನ್ನು ಕೂಡಿಸಿ ಮನೆಯ ಮಗಳಿಗೆ ತೆಗೆದಂತೆ ತೆಗೆದಳು. ಉಪ್ಪು ಮೆಣಸಿನಕಾಯಿಯನ್ನು ಕಾಗದದಲ್ಲಿ ಕಟ್ಟಿ, “ಮೂರ ದಾರಿ ಕೂಡೂವಲ್ಲಿ ಒಗದ ಹೊಳ್ಳಿ ನೋಡಲಾರದ ಹೋಗು,” ಎಂದು ಕೊಟ್ಟಳು.

“ಈಗ ಹಗರ ಆತ್ರಿ,” ಎಂದಳು ಹುಡುಗಿ.

ಮಲ್ಲಕ್ಕ ಕಣ್ಣು ತೊಳೆಯಲು ಒಳಗೆ ಹೋದಾಗ ರೇವವ್ವ ಹುಡುಗಿಯ ಕಿವಿಯಲ್ಲಿ ಅಂದಳು: “ಆ ಕೆಟಲ್ ಹೆಂಗ ಹಚ್ಚೂದು ತೋರಸ ತಂಗಿ. ಆಕಿ ಏಳೂದರಾಗ ನಾ ಚಾ ಮಾಡಬೇಕು.” ಶ್ರಾವಣದ ಜ್ವರದ ಕತೆಯನ್ನೂ ಗಡಿಬಿಡಿಯಲ್ಲಿ ಹೇಳಿದಳು. ಶಗುಫ್ತಾ ಗುಂಡಿ ಒತ್ತಿ ತೋರಿಸಿದಳು.

ಬೆಳಗಾಯಿತು. ದಪ್ಪ ಪರದೆಯ ಆಚೆ ಬಿಸಿಲು ಬಂದಿತ್ತು. ಕೋಳಿ ಇಲ್ಲ, ಎಮ್ಮೆ ಇಲ್ಲ, ಮಲ್ಲಕ್ಕನನ್ನು ಎಬ್ಬಿಸುವ ಯಾವ ದನಿಯೂ ಇಲ್ಲ. ಅವಳು ಬಾಯಿ ತೆರೆದು ಮಲಗಿದ್ದಳು. ಆ ಮುಖವನ್ನು ಬೆಳಗಿನ ಬೆಳಕಿನಲ್ಲಿ, ನಿದ್ದೆಯಲ್ಲಿ, ರೇವವ್ವ ನೋಡಿದ್ದು ಅದೇ ಮೊದಲು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ ಕೆಟಲಿಗೆ ನೀರು ಹಾಕಿದಳು. ದಾರ ಕಟ್ಟಿದ ಪುಟ್ಟ ಪೊಟ್ಟಣ ಹರಿದು ಚಾಪುಡಿ ಸುರಿದಳು. ಸೋಸಲು ಏನೂ ಇರಲಿಲ್ಲ. ಹೊಸ ಕರವಸ್ತ್ರ ತೆಗೆದಳು. ಹಾಲಿನ ಪುಡಿ ಗಂಟುಗಂಟಾಗಿ ತೇಲಿತು. ಬಣ್ಣವೂ ಚಹಾದಂತಿರಲಿಲ್ಲ. ಎರಡನೇ ಸಲ ನೀರು ಕುದಿಯಲು ಇಟ್ಟಳು.

ಬಾಗಿಲು ಮೆಲ್ಲಗೆ ಬಡಿದ ಸದ್ದು. ತೆರೆದರೆ ಶಗುಫ್ತಾ. ಕೈಯಲ್ಲಿ ಚಿತ್ರದಲ್ಲಿದ್ದಂಥದೇ ತಟ್ಟೆ. ಎರಡು ಕಪ್ಪು ಚಹಾ, ಬ್ರೆಡ್ಡು, ಬಾಳೆಹಣ್ಣು. ಶುಂಠಿಯ ವಾಸನೆ ಕೋಣೆಯೊಳಗೆ ಬಂತು.

“ತಲಿನೋವು ಹೋತ್ರಿ ಅಮ್ಮಾ. ಅಡಗಿಮನ್ಯಾಗ ಹೇಳಿ ಮಾಡಿಸೇನಿ. ಪುಕ್ಕಟ. ಒಂದ ಪೈಸಾ ಕೊಡಬ್ಯಾಡ್ರಿ.”

ಪುಕ್ಕಟ! ರೇವವ್ವನ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ತಟ್ಟೆಯ ಅಂಚಿನವರೆಗೂ ಹೋದವು. ಅವಳು ಹಾಸಿಗೆಯ ಕಡೆ ತಿರುಗಿ ನೋಡಿದಳು. ಮೇಜಿನ ಮೇಲೆ ಗಂಟುಗಟ್ಟಿದ ತನ್ನ ಚಹಾ, ಅದರ ಬಾಜು ಒದ್ದೆ ಕರವಸ್ತ್ರ.

“ಬ್ಯಾಡವಾ,” ಎಂದಳು.

“ಯಾಕ್ರಿ? ಛಲೋ ಚಾ ಐತ್ರಿ.”

“ಛಲೋ ಐತಿ ಅಂತನ ಬ್ಯಾಡ. ನಿಂದ ಕುಡದಳಂದ್ರ ನಂದ ಕುಡಿತಾಳೇನ ಆಕಿ?”

“ಹಂಗಾದ್ರ ಬ್ರೆಡ್ಡರ ತಗೋರಿ.”

ರೇವವ್ವ ಬ್ರೆಡ್ಡಿನತ್ತ ಒಮ್ಮೆ ನೋಡಿದಳು. ಉಗುಳು ನುಂಗಿದಳು.

“ಅದೂ ಬ್ಯಾಡ. ಇವತ್ತ ನಂದ ಪಾಳಿ. ನೀ ಹೋಗ ಮಗಳ, ಬಾಗಲಾ ಸಾವಕಾಶ ಹಾಕು, ಆಕಿ ಎದ್ದಗಿದ್ದಾಳು.”