ಹಾಲಿಗೊಂದು ಚೂರು ಇದ್ದಿಲು

ಹಾಲಿನ ಪಾತ್ರೆ ಮನೆಯ ಹೊಸ್ತಿಲು ದಾಟುವ ಮೊದಲು ಕಾಶೆವ್ವ ಅದರೊಳಗೆ ಒಂದು ಚೂರು ಇದ್ದಿಲು ಹಾಕುತ್ತಿದ್ದಳು. ಒಲೆಯಿಂದ ತೆಗೆದು, ತೊಳೆದು, ಕಡಲೆಕಾಳಿನಷ್ಟು ಮಾಡಿದ ಇದ್ದಿಲು. ಹೊರಗೆ ಹೋಗುವ ಹಾಲಿಗೆ ದೃಷ್ಟಿ ತಾಗಿದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆಂಬುದು ಆಕೆಯ ನಂಬಿಕೆ. ಹಳಿಯಾಳದಿಂದ ಐದಾರು ಮೈಲಿ ದೂರದ ಆ ಊರಿನ ಶಾಲೆಯಲ್ಲಿ ಹದಿನೇಳು ವರ್ಷ ಪಾಠ ಹೇಳಿ, ನಿವೃತ್ತನಾದ ಮೇಲೂ ನಾನು ಅಲ್ಲಿಯೇ ಉಳಿದೆ. ಅಷ್ಟೂ ವರ್ಷ ಕುಡಿದದ್ದು ಆಕೆಯ ಮನೆಯ ಹಾಲನ್ನೇ. ಚಹಾ ಸೋಸುವಾಗ ಜಾಲರಿಯಲ್ಲಿ ಆ ಕರಿಯ ಚೂರು ಉಳಿಯುತ್ತಿತ್ತು. ಅದು ಕಾಣದ ದಿನ, ಹಾಲು ಬೇರೆ ಮನೆಯದೆಂದು ನನ್ನ ಹೆಂಡತಿ ಕಂಡುಹಿಡಿಯುತ್ತಿದ್ದಳು.

ಗಂಡ ಅಂದಾನೆಪ್ಪ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಗ ರುದ್ರೇಶನನ್ನು ಬೆಳೆಸಿದವಳು ಕಾಶೆವ್ವ. ರುದ್ರೇಶ ನನ್ನ ವಿದ್ಯಾರ್ಥಿ. ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಅವನ ಬಸುರಿ ಹೆಂಡತಿ ಶಿವಗಂಗಾಳಿಗೆ ಕುಬಸ ಮಾಡಿ ತವರಿಗೆ ಕಳುಹಿಸಬೇಕೆಂದು ಹಸಿರು ಸೀರೆ ತಂದಿಟ್ಟಿದ್ದರು. ಸೀರೆ ಗಂಟಿನಲ್ಲೇ ಉಳಿಯಿತು. ಏಳು ತಿಂಗಳು ತುಂಬುವಷ್ಟರಲ್ಲಿ ಅವಳ ರಕ್ತದೊತ್ತಡ ಏರಿತು. ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹೆಣ್ಣುಮಗುವನ್ನು ಹೊರತೆಗೆದರು. ತೂಕ ಒಂದು ಕಿಲೋ ಮುನ್ನೂರೈವತ್ತು ಗ್ರಾಂ.

"ನಮ್ಮ ಹಿತ್ತಲದಾಗಿನ ಸೌತಿಕಾಯಿ ಇದಕ್ಕಿಂತ ತೂಕ ಬರ್ತಾವ" ಎಂದು ಕಾಶೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಕ್ಕಳ ವಾರ್ಡಿನ ನರ್ಸ್ ಕರಿಷ್ಮಾ, ಜೊಯಿಡಾ ಕಡೆಯ ಸಿದ್ದಿ ಹುಡುಗಿ, ಗೋಡೆಯ ಮೇಲಿನ ಪಟ್ಟಿಯನ್ನು ಓದಿ ಹೇಳಿದಳು. ದಿನ ತುಂಬದೆ ಹುಟ್ಟಿದ ಕೂಸಿಗೆ ತಾಯಿಯ ಹಾಲೇ ಎಲ್ಲಕ್ಕಿಂತ ಮೇಲು. ಹೀರುವ ಶಕ್ತಿ ಬರುವವರೆಗೆ ಅದನ್ನು ನಳಿಗೆಯ ಮೂಲಕ ಕೊಡಬೇಕು. ಸದ್ಯಕ್ಕೆ ಎರಡು ತಾಸಿಗೊಮ್ಮೆ ಹನ್ನೆರಡು ಮಿಲಿ. ಜೇನು ಬೇಡ, ಬಜೆ ಬೇಡ, ಎಮ್ಮೆಯ ಹಾಲಂತೂ ಬೇಡವೇ ಬೇಡ.

"ಹನ್ನೆರಡು ಮಿಲಿ ಅಂದ್ರ ಎಷ್ಟು, ತಂಗಿ?"

ಕರಿಷ್ಮಾ ಸಿರಿಂಜಿನಲ್ಲಿ ತೋರಿಸಿದಳು.

"ಇಷ್ಟು ನಾನು ಹಿಂಡೂ ಮುಂದ ನೆಲಕ್ಕ ಚೆಲ್ತೇನಿ!"

ಪಟ್ಟಿಯಲ್ಲಿದ್ದುದೆಲ್ಲ ಸರಿಯಾಗಿಯೇ ಇತ್ತು. ಆದರೆ ತಾಯಿ ಎಲ್ಲಿರಬೇಕೆಂಬುದು ಅದರಲ್ಲಿ ಇರಲಿಲ್ಲ. ಎಂಟನೆಯ ದಿನ ಶಿವಗಂಗಾಳನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡಿದರು, ಮಗುವನ್ನು ಇಟ್ಟುಕೊಂಡರು. ಮಗುವಿಗೆ ಗಾಜಿನ ಪೆಟ್ಟಿಗೆ, ತಾಯಿಗೆ ವರಾಂಡದ ನೆಲ. ಮೂರು ದಿನ ಅಲ್ಲಿ ಮಲಗಿದ್ದರಿಂದ ಹೊಲಿಗೆಯ ಗಾಯ ಕೆಂಪಾಗಿ ಜ್ವರ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮನಿಗೆ ಹೋಗಿ ಮಲಗ್ರಿ, ಹಾಲು ಕಳಸ್ರಿ" ಎಂದರು.

ಒಯ್ಯುವವರು ಯಾರು? ಕಬ್ಬಿನ ಹಂಗಾಮು, ರುದ್ರೇಶನಿಗೆ ಟ್ರ್ಯಾಕ್ಟರಿನಿಂದ ಇಳಿಯಲು ಬಿಡುವಿಲ್ಲ. ಕಾಶೆವ್ವನೇ ಹೊರಟಳು. ಸೊಸೆ ಕುದಿಸಿದ ಬಟ್ಟಲಿಗೆ ಹಾಲು ಹಿಂಡಿ, ಡಬ್ಬಿಗೆ ತುಂಬಿ, ಮೇಲೆ ಹೆಸರು ಮತ್ತು ವೇಳೆ ಬರೆದು ಕೊಡುತ್ತಿದ್ದಳು. ಅದು ಹಿಂಡಿದ ನಾಲ್ಕು ತಾಸಿನೊಳಗೆ ಆಸ್ಪತ್ರೆ ಮುಟ್ಟಬೇಕು.

ಮೊದಲ ದಿನ ಊರಿಗೆ ಬಸ್ಸೇ ಬರಲಿಲ್ಲ. ಹೇಗೋ ಹಳಿಯಾಳ ಸೇರಿ ದಾಂಡೇಲಿಯ ಬಸ್ಸು ಹತ್ತಿದರೆ, ನಡುದಾರಿಯಲ್ಲಿ ಕಬ್ಬಿನ ಗಾಡಿ ಮಗುಚಿ ಬಿದ್ದಿತ್ತು. ಅದು ರುದ್ರೇಶನದಲ್ಲ ಎಂಬುದೊಂದೇ ಸಮಾಧಾನ. ದಾಂಡೇಲಿಯ ಬಂಗೂರನಗರದಲ್ಲಿ ಇಳಿದು ಓಡಿಕೊಂಡೇ ಹೋದಳು. ಐದೂಕಾಲು ತಾಸು ಆಗಿತ್ತು. ಕರಿಷ್ಮಾ ವೇಳೆ ನೋಡಿ ಹಾಲನ್ನು ಬಚ್ಚಲಿಗೆ ಸುರಿದಳು.

"ಕೆಟ್ಟಿಲ್ಲ, ತಂಗಿ! ಮೂಸಿ ನೋಡಬೇಕಿತ್ತು. ನಲವತ್ತು ವರ್ಷ ಹಾಲಿನಾಗ ಬಾಳೇ ಮಾಡೇನಿ."

"ನಿಮ್ಮ ಮೂಗಿಗೆ ಗೊತ್ತಾಗೂದಿಲ್ರಿ ಅಜ್ಜಿ, ಕೂಸಿನ ಕರುಳಿಗೆ ಗೊತ್ತಾಗ್ತೈತಿ."

ಮರುದಿನ ಮೊದಲ ಬಸ್ಸು ಹಿಡಿದು ಎರಡೇ ತಾಸಿನಲ್ಲಿ ಮುಟ್ಟಿಸಿದಳು. ಗೆದ್ದವಳಂತೆ ಡಬ್ಬಿಯನ್ನು ಮುಂದಿಟ್ಟಳು. ಕರಿಷ್ಮಾ ಮುಚ್ಚಳ ತೆಗೆದಳು. ಹಾಲಿನ ಮೇಲೆ ಕಡಲೆಕಾಳಿನಷ್ಟು ಇದ್ದಿಲು ತೇಲುತ್ತಿತ್ತು.

"ಏನ್ರಿ ಅಜ್ಜಿ ಇದು?"

"ಇದ್ದಲಿ. ಕುದಿಯೂ ನೀರಾಗ ತೊಳದೇನಿ. ನಾಕು ದಾರಿ ಕೂಡೂದು, ಸುಡುಗಾಡು ದಾಟಿ ಬರಬೇಕು. ಮಂದಿ ಹಾಲಿಗೆ ಹಾಕಾಕಿ, ಮೊಮ್ಮಗಳ ಹಾಲಿಗೆ ಹಾಕದ ಬಿಡ್ಲ್ಯಾ?"

"ನಮ್ಮ ಅಜ್ಜೀನೂ ಹಾಕ್ತಾಳ್ರಿ. ಆದ್ರ ಇದನ್ನ ನಾ ಕೂಸಿಗೆ ಕೊಡಾಕ ಬರೂದಿಲ್ಲ."

ಆ ಹಾಲೂ ಬಚ್ಚಲಿಗೆ ಹೋಯಿತು. ಎರಡು ದಿನವೂ ಮಗುವಿಗೆ ಪುಡಿಯ ಹಾಲನ್ನೇ ಕೊಡಬೇಕಾಯಿತು. ಅದು ಒಗ್ಗದೆ ಹೊಟ್ಟೆ ಉಬ್ಬಿತು. ತೂಕ ನಲವತ್ತು ಗ್ರಾಂ ಇಳಿಯಿತು. ಇತ್ತ ಕೂಸಿನ ಮುಖ ಕಾಣದ ಶಿವಗಂಗಾಳ ಹಾಲೂ ಅರ್ಧಕ್ಕೆ ಇಳಿದಿತ್ತು. ಹೀಗೇ ನಡೆದರೆ ವಾರದೊಳಗೆ ಬತ್ತಿಹೋಗುತ್ತದೆಂದು ಕರಿಷ್ಮಾ ಮುಚ್ಚುಮರೆಯಿಲ್ಲದೆ ಹೇಳಿದಳು.

ಅಂದು ಸಂಜೆ ಕಾಶೆವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಸ್ಸಿಗೆ ಬೈದಳು, ಆಸ್ಪತ್ರೆಗೆ ಬೈದಳು, ತನ್ನನ್ನೂ ಬೈದುಕೊಂಡಳು. ಇದ್ದಿಲು ಹಾಕುವುದನ್ನು ಬಿಡು ಎಂದೆ.

"ಬಿಡಬೇಕಂತೇನ್ರಿ ಮಾಸ್ತರ, ಈ ಕೈ ಕೇಳೂದಿಲ್ಲ. ಹೊಸ್ತಿಲಾ ದಾಟೂ ಹಾಲಿಗೆ ತಾನ ಹೋಗಿ ಹಾಕ್ತೈತಿ." ಕಟ್ಟೆಯಿಂದ ಎದ್ದು ನಿಂತು ಹೇಳಿದಳು: "ಹಾಲ್ಯಾಕ ದಾಟಬೇಕು? ಎಮ್ಮಿ ಇಲ್ಲಿ, ಕರಾ ಇಪ್ಪತ್ತು ಮೈಲಿ ಆಚೆ ಕಟ್ಟಿದ್ರ ಯಾವ ಎಮ್ಮಿ ಹಾಲು ಬಿಟ್ಟೀತು? ನಾನರ ಎಂಥಾ ಹುಚ್ಚಿ!"

ಮರುದಿನ ಬೆಳಿಗ್ಗೆ ಸೊಸೆಗೆ ಕಂಬಳಿ ಹೊದಿಸಿ ಬಸ್ ನಿಲ್ದಾಣಕ್ಕೆ ಕರೆತಂದಳು. ನೆರೆಮನೆಯ ಕೆಂಚವ್ವ ಅಡ್ಡಬಂದಳು.

"ಹಸಿ ಬಾಣಂತೀನ ಬಸ್ಸಿನ್ಯಾಗ ಒಯ್ತಿಯೇನ? ಬುದ್ಧಿ ಐತಿಲ್ಲೋ ನಿನಗ?"

"ಐತಿ. ನಿನ್ನ ಕಡೆ ಬಿಟ್ಟು ಹೊಂಟೇನಿ. ಎಮ್ಮಿ ಜೋಡಿ ಅದನ್ನೂ ನೋಡ್ಕೋ."

ವಾರ್ಡಿನ ಮೇಲ್ವಿಚಾರಕಿ ತಾಯಂದಿರಿಗೆ ಒಳಗೆ ಇರುವ ವ್ಯವಸ್ಥೆಯಿಲ್ಲ ಎಂದರು. ಕಾಶೆವ್ವ ಗೋಡೆಯತ್ತ ಕೈ ಮಾಡಿದಳು.

"ತಾಯಿ ಹಾಲು ಅಂತ ಇಷ್ಟುದ್ದ ಬರದೀರಿ. ನನಗ ಓದಾಕ ಬರೂದಿಲ್ಲ. ತಾಯೀನ ಎಲ್ಲಿ ಬರದೀರಿ, ಬಟ್ಟು ಇಟ್ಟು ತೋರಸ್ರಿ."

ಮೇಲ್ವಿಚಾರಕಿ ಕಡತ ಹಿಡಿದು ಒಳಗೆ ನಡೆದರು. ಕಾಶೆವ್ವ ಬಾಗಿಲಿಗೆ ಅಡ್ಡಲಾಗಿ ಕುಳಿತಳು. ಬಂದುಹೋಗುವವರೆಲ್ಲ ಅವಳ ಕಾಲು ದಾಟಿಕೊಂಡೇ ನಡೆದರು. ಊಟದ ವೇಳೆಗೆ ಕರಿಷ್ಮಾ ವಾರ್ಡಿನ ಪಕ್ಕದ ಸಾಮಾನಿನ ಕೋಣೆಯಿಂದ ಸಲೈನ್ ಪೆಟ್ಟಿಗೆಗಳನ್ನು ಸರಿಸಿ ಒಂದು ಬೆಂಚು ಹಾಕಿದಳು. ಮೇಲ್ವಿಚಾರಕಿ ಕಂಡೂ ಕಾಣದಂತೆ ಹೋದರು.

ಶಿವಗಂಗಾ ಕೂಸನ್ನು ಬರಿಯ ಎದೆಗೆ ಅವಚಿಕೊಂಡು ತಾಸುಗಟ್ಟಲೆ ಕೂರತೊಡಗಿದಳು. ಮೂರನೆಯ ದಿನ ಹಾಲು ಮರಳಿತು. ತೂಕ ದಿನಕ್ಕೆ ಹದಿನೈದು, ಇಪ್ಪತ್ತು ಗ್ರಾಂ ಏರಿತು. ನಳಿಗೆ ಹೋಗಿ ಹಾಲೂಡಿಸುವ ಒಳಲೆ ಬಂತು, ಒಳಲೆ ಹೋಗಿ ಮಗು ತಾನೇ ಹೀರಿತು. ತಿಂಗಳ ಮೇಲೆ, ಒಂದು ಕಿಲೋ ಎಂಟುನೂರು ಗ್ರಾಂ ತೂಗುವಾಗ ಮನೆಗೆ ಬಂತು. ಅಷ್ಟು ದಿನಗಳಲ್ಲಿ ಒಮ್ಮೆಯೂ ಇದ್ದಿಲು ಬೇಕಾಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನಗಳ ತರುವಾಯ ಕಾಶೆವ್ವನಿಗೆ ಕರಿಷ್ಮಾಳ ಫೋನು ಬಂತು. ಬೆಂಚನ್ನು ಹೊರಗಿಟ್ಟು ಪೆಟ್ಟಿಗೆಗಳನ್ನು ಮತ್ತೆ ಒಳಗೆ ಪೇರಿಸಿದ್ದಾರೆ. ಗಣೇಶಗುಡಿಯ ಬಾಣಂತಿಯೊಬ್ಬಳು ಈಗ ವರಾಂಡದ ನೆಲದ ಮೇಲೆ ಮಲಗಿದ್ದಾಳೆ.

ಕಾಶೆವ್ವ ನೇರವಾಗಿ ನನ್ನಲ್ಲಿಗೆ ಬಂದಳು. "ಅರ್ಜಿ ಬರೀರಿ, ಮಾಸ್ತರ."

ಆಸ್ಪತ್ರೆಯ ಮೇಲಧಿಕಾರಿಗಳಿಗೆ ಬರೆದೆ. ಮಕ್ಕಳ ವಾರ್ಡಿನ ಪಕ್ಕದಲ್ಲಿ ತಾಯಂದಿರಿಗೊಂದು ಕೋಣೆ ಬೇಕು, ಅಷ್ಟೇ. ಆಕೆ ಹೆಬ್ಬೆಟ್ಟು ಒತ್ತಿ, ಲಕೋಟೆ ಅಂಟಿಸುವ ಮೊದಲು ಸೊಂಟದ ಚೀಲದಿಂದ ಒಂದು ಚೂರು ಇದ್ದಿಲು ತೆಗೆದು ಒಳಗೆ ಹಾಕಿದಳು.

"ಇದೂ ಹೊಸ್ತಿಲಾ ದಾಟೂದ ಐತೆಲ್ರಿ."

ನಾನು ಬೇಡವೆನ್ನಲಿಲ್ಲ. ಎರಡು ತಿಂಗಳಾಯಿತು. ಎರಡು ಅರ್ಜಿ ಹೋದವು, ಉತ್ತರವಿಲ್ಲ. ಮೂರನೆಯದನ್ನು ಬರೆಸಲು ನಾಳೆ ಬರುತ್ತಾಳೆ. ಈ ಸಲದ ಇದ್ದಿಲು ಸ್ವಲ್ಪ ದೊಡ್ಡದಂತೆ.