ಎದುರಿನವಳ ಬಗ್ಗೆ ಹನ್ನೊಂದು ಸಾಲು

ನಮ್ಮ ದೊಡ್ಡಮ್ಮನ ಬಾಯಲ್ಲಿ ಒಳ್ಳೆಯ ಮಾತು ಬರುತ್ತಿದ್ದುದೇ ಅಪರೂಪ. ಅಡುಗೆ ಚೆನ್ನಾಗಿದ್ದರೆ ‘ಉಪ್ಪು ಸರಿಯಾಗಿದೆ’ ಎನ್ನುವಳು. ನಾನು ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದಾಗ ‘ಉಳಿದವರು ಓದಿರಲಿಲ್ಲವೇನೋ’ ಎಂದಳು. ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಒಬ್ಬರನ್ನು ಮನಸಾರೆ ಹೊಗಳಿದಳು, ಅದೂ ಬರವಣಿಗೆಯಲ್ಲಿ. ಅದರಿಂದ ಹೊಗಳಿಸಿಕೊಂಡವಳ ಕೆಲಸ ಹೋಯಿತು.

ದೊಡ್ಡಮ್ಮ ಇಪ್ಪತ್ತೆರಡು ವರ್ಷ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ದುಡಿದವಳು. ಊರು ಮುಗಿದು ಹೆದ್ದಾರಿ ಸಿಗುವ ವೃತ್ತದಲ್ಲಿ ಎರಡು ಬಂಕುಗಳಿದ್ದವು. ಈಚೆಯದಕ್ಕೆ ನೀಲಿ ಬಣ್ಣ, ಆಚೆಯದಕ್ಕೆ ಕೆಂಪು. ಎರಡೂ ಸುತ್ತಮುತ್ತಲ ಊರುಗಳಲ್ಲಿ ಮೂವತ್ತೋ ನಲವತ್ತೋ ಬಂಕು ಇಟ್ಟುಕೊಂಡಿದ್ದ ಕಂಪನಿಗಳಿಗೆ ಸೇರಿದ್ದವು. ಒಂದು ಎಲ್ಲಿ ನೆಲ ಕೊಂಡರೆ ಇನ್ನೊಂದು ಅದರ ಎದುರಿಗೇ ಕೊಳ್ಳುವುದು. ಒಂದು ದರ ಹತ್ತು ಪೈಸೆ ಇಳಿಸಿದರೆ ಇನ್ನೊಂದು ಹದಿನೈದು ಇಳಿಸುವುದು. ಓರಗಿತ್ತಿಯರು ಕೂಡ ಇಷ್ಟು ಪೈಪೋಟಿ ನಡೆಸಿದ್ದನ್ನು ನಾನು ಕಂಡಿಲ್ಲ. ಎರಡು ಬಂಕಿಗೂ ಒಂದೊಂದು ಅಂಗಡಿ: ಬಿಸ್ಕತ್ತು, ನೀರಿನ ಬಾಟಲಿ, ತಲೆನೋವಿನ ಮಾತ್ರೆ, ಬ್ಯಾಟರಿ, ಇಂಜಿನ್ ಆಯಿಲ್, ಮಷೀನಿನ ಕಾಫಿ. ನೀಲಿ ಅಂಗಡಿಯ ಗಲ್ಲಾದಲ್ಲಿ ದೊಡ್ಡಮ್ಮ ಇರುತ್ತಿದ್ದಳು, ಕೆಂಪು ಅಂಗಡಿಯಲ್ಲಿ ‘ಎದುರಿನವಳು’. ಅವಳಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಆದರೆ ನಮ್ಮ ಮನೆಯಲ್ಲಿ ಕೊನೆಯವರೆಗೂ ಅವಳು ಎದುರಿನವಳೇ.

ಇಬ್ಬರ ಪರಿಚಯ ಬೇಹುಗಾರಿಕೆಯಿಂದ ಆದದ್ದು. ನೀಲಿ ಕಂಪನಿ ತನ್ನ ಅಂಗಡಿಗಳಿಗೆ ವಾರಕ್ಕೊಂದು ಹಾಳೆ ಕಳಿಸುತ್ತಿತ್ತು. ಎದುರಂಗಡಿಯೊಳಗೆ ಗಿರಾಕಿಯಂತೆ ಹೋಗಿ, ನಲವತ್ತು ಸಾಮಾನಿನ ಬೆಲೆ ನೋಡಿ, ನೆನಪಿಟ್ಟುಕೊಂಡು ಬಂದು ಅದರಲ್ಲಿ ತುಂಬಬೇಕು. ದೊಡ್ಡಮ್ಮ ಮೊದಲ ಸಲ ತಲೆಗೆ ಬಟ್ಟೆ ಕಟ್ಟಿ, ಕಪ್ಪು ಕನ್ನಡಕ ಹಾಕಿಕೊಂಡು ಹೋದಳಂತೆ. ಮೈಮೇಲೆ ಮಾತ್ರ ನೀಲಿ ಕಂಪನಿಯ ಅಂಗಿ ಹಾಗೇ ಇತ್ತು. ಎದುರಿನವಳು ನಗಲಿಲ್ಲ. ಒಂದು ಸ್ಟೂಲು ಎಳೆದು ಹಾಕಿ, ನಲವತ್ತು ಬೆಲೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ಕೂತು ಬರೆದುಕೊಳ್ಳಿ ಎಂದು ಪೆನ್ನು ಕೊಟ್ಟಳು. ಎರಡು ದಿನ ಬಿಟ್ಟು ಅವಳೂ ಅಂಥದ್ದೇ ಹಾಳೆ ಹಿಡಿದು ಇತ್ತ ಬಂದಳು. ಕೆಂಪು ಕಂಪನಿಗೂ ಅದೇ ಬುದ್ಧಿ ಹೊಳೆದಿತ್ತು.

ಅಲ್ಲಿಂದ ಅವರದೊಂದು ಪದ್ಧತಿಯಾಯಿತು. ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ, ವೃತ್ತದ ನಡುವಿನ ಸಿಮೆಂಟು ಕಟ್ಟೆಯ ಮೇಲೆ ಇಬ್ಬರೂ ಕೂರುವರು. ಇವಳ ಹಾಳೆಯನ್ನು ಅವಳು ತುಂಬುವಳು, ಅವಳದನ್ನು ಇವಳು. ಒಂದು ವಾರ ಇವಳ ಅಂಗಡಿಯ ಕಾಫಿ, ಇನ್ನೊಂದು ವಾರ ಅವಳದು. ಎರಡು ಕಾಫಿಯೂ ಕುಡಿಯುವಂತಿಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಬೆಲೆಗಳು ಪೈಸೆಗೆ ಪೈಸೆ ತಾಳೆಯಾಗುತ್ತಿದ್ದುದರಿಂದ ಎರಡು ಕಂಪನಿಗಳೂ ತಮ್ಮ ತಮ್ಮ ಬೇಹುಗಾರ್ತಿಗೆ ವರ್ಷಕ್ಕೊಮ್ಮೆ ಮೆಚ್ಚುಗೆಯ ಪತ್ರ ಕೊಟ್ಟವು. ಒಂಬತ್ತು ವರ್ಷ ಹೀಗೆ ನಡೆಯಿತು. ನನ್ನ ತಾಯಿ ದೊಡ್ಡಮ್ಮನ ಸ್ವಂತ ತಂಗಿ. ಅವಳಿಗೆ ಹೇಳದ ಮಾತನ್ನು ದೊಡ್ಡಮ್ಮ ಆ ಕಟ್ಟೆಯ ಮೇಲೆ ಎದುರಿನವಳಿಗೆ ಹೇಳುತ್ತಿದ್ದಳು. ಅಮ್ಮನಿಗೆ ಇದರಿಂದ ಹೊಟ್ಟೆಯುರಿಯುತ್ತಿತ್ತು ಎನ್ನುವುದು ಬೇರೆ ವಿಚಾರ.

ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆಯಿರುತ್ತಿತ್ತು: ‘ಗಿರಾಕಿಗಳು ಅಲ್ಲಿಗೆ ಏಕೆ ಹೋಗುತ್ತಾರೆ?’ ಅದರ ಮುಂದೆ ಇಬ್ಬರೂ ಒಂದು ಗೀಟು ಎಳೆದು ಬಿಡುತ್ತಿದ್ದರು. ಬೆಲೆ ಗೋಡೆಯ ಮೇಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಉಳಿದದ್ದು ಅವರವರ ಕೈಗುಣ, ಅದನ್ನು ಮೇಲಿನವರಿಗೆ ಹೇಳಬಾರದು. ಹೀಗೆಂದು ಇಬ್ಬರೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ. ಆದರೆ ಒಂಬತ್ತು ವರ್ಷದಲ್ಲಿ ಒಬ್ಬರೂ ತಪ್ಪಿರಲಿಲ್ಲ.

ತಪ್ಪಿಸಿದ್ದು ನೀಲಿ ಕಂಪನಿಗೆ ಹೊಸದಾಗಿ ಬಂದ ಏರಿಯಾ ಆಫೀಸರು. ಸಭೆಯಲ್ಲಿ ಆತ, ಎದುರಿನ ಅಂಗಡಿಯವರಿಗೆ ಏನೂ ಬರುವುದಿಲ್ಲ, ಜಾಗ ಚೆನ್ನಾಗಿದೆ ಎಂದು ವ್ಯಾಪಾರವಾಗುತ್ತಿದೆ, ಅಲ್ಲೊಂದು ಕತ್ತೆ ಕಟ್ಟಿದರೂ ಅಷ್ಟೇ ಮಾರುತ್ತದೆ ಎಂದು ನಕ್ಕನಂತೆ. ಉಳಿದವರೂ ನಕ್ಕರು. ದೊಡ್ಡಮ್ಮನ ಮೈ ಉರಿಯಿತು. ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎಂದು ನನಗೆ ದಿನಕ್ಕೆ ಮೂರು ಸಲ ಹೇಳುತ್ತಿದ್ದವಳು ಆ ವಾರದ ಹಾಳೆಯಲ್ಲಿ ಕೊನೆಯ ಪ್ರಶ್ನೆಗೆ ಹನ್ನೊಂದು ಸಾಲು ಬರೆದಳು. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋದಳು.

ಬರೆದದ್ದೆಲ್ಲ ನಿಜ. ಅಲ್ಲಿಗೆ ದೂರದ ಬಸ್ಸುಗಳು ನಿಲ್ಲುವುದು ಪೆಟ್ರೋಲಿಗಲ್ಲ, ಶೌಚಾಲಯಕ್ಕೆ. ಅದನ್ನು ತೊಳೆಯುವುದು ಗಲ್ಲಾದವಳ ಕೆಲಸವಲ್ಲ, ಆದರೂ ಆಕೆ ಗಂಟೆಗೊಮ್ಮೆ ತಾನೇ ತೊಳೆಯುತ್ತಾಳೆ. ಬಾಗಿಲ ಚಿಲಕ ಗಟ್ಟಿಯಾಗಿದೆ, ಒಳಗೆ ಸೋಪಿದೆ, ಚೀಲ ನೇತುಹಾಕಲು ಮೊಳೆಯಿದೆ. ಹೆಂಗಸರು ಡ್ರೈವರಿಗೆ ಹೇಳಿ ಅಲ್ಲೇ ಬಸ್ಸು ನಿಲ್ಲಿಸುತ್ತಾರೆ. ಒಂದು ಬಸ್ಸು ನಿಂತರೆ ನಲವತ್ತು ಜನ ಇಳಿಯುತ್ತಾರೆ, ಇಳಿದವರು ಏನಾದರೊಂದು ಕೊಳ್ಳುತ್ತಾರೆ. ಇಂಥ ಕೆಲಸಗಾತಿ ನಮ್ಮ ಮೂವತ್ತೆಂಟು ಅಂಗಡಿಯಲ್ಲಿ ಒಬ್ಬಳೂ ಇಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಇಷ್ಟು ಬರೆದು ಸಹಿ ಹಾಕಿ, ಆಫೀಸರನ ಮುಖಕ್ಕೆ ಹೊಡೆದಂತಾಯಿತು ಎಂದು ಖುಷಿಯಿಂದ ಮನೆಗೆ ಬಂದಳು.

ಆಫೀಸರನ ಮುಖಕ್ಕೆ ಏನೂ ಆಗಲಿಲ್ಲ. ನಾಲ್ಕೇ ತಿಂಗಳಲ್ಲಿ ನೀಲಿ ಬಂಕಿನ ಪಕ್ಕದಲ್ಲಿ ಬಿಳಿ ಟೈಲ್ಸಿನ ಹತ್ತು ಶೌಚಾಲಯಗಳು ಎದ್ದವು. ಒಳಗೆ ಸೋಪು, ಬಿಸಿನೀರು, ಚೀಲಕ್ಕೆ ಸ್ಟೀಲಿನ ಕೊಕ್ಕೆ. ಬಸ್ಸಿನ ಡ್ರೈವರುಗಳಿಗೆ ಊಟ ಬಿಟ್ಟಿ. ಬಸ್ಸುಗಳು ವೃತ್ತ ಸುತ್ತಿ ಈಚೆ ಬಂದು ನಿಲ್ಲತೊಡಗಿದವು. ಕೆಂಪು ಕಂಪನಿ ಪೆಟ್ರೋಲಿನ ದರ ಇಳಿಸಿತು, ನೀಲಿಯೂ ಇಳಿಸಿತು. ಊರಿನವರು ಆರು ತಿಂಗಳು ಹಬ್ಬ ಮಾಡಿದರು. ಕೋಣಗಳ ಕಾಳಗದಲ್ಲಿ ಗಿಡಕ್ಕೆ ಸಾವು ಎನ್ನುತ್ತಾರಲ್ಲ, ಹಾಗಾಯಿತು. ಕೆಂಪು ಬಂಕಿನವರು ಅಂಗಡಿಗೆ ಬೀಗ ಜಡಿದು, ಗಿರಾಕಿಗಳೇ ಕಾರ್ಡು ಉಜ್ಜಿ ತುಂಬಿಕೊಳ್ಳುವ ಎರಡು ಪಂಪು ಮಾತ್ರ ಉಳಿಸಿಕೊಂಡರು. ಎದುರಿನವಳು ಮನೆಗೆ ಹೋದಳು. ಗಂಡ ತೀರಿಕೊಂಡಿದ್ದ, ಮಗಳ ಓದು ಅರ್ಧದಲ್ಲಿತ್ತು.

ದೊಡ್ಡಮ್ಮನಿಗೆ ಬಡ್ತಿ ಸಿಕ್ಕಿತು. ಅಂಗಡಿಗೆ ಮೇಲ್ವಿಚಾರಕಿ.

ಬಡ್ತಿಯ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳಿದ್ದು ಒಂದು ವಾರದ ಮೇಲೆ. ಹೇಳಿ ಅತ್ತಳು. ಹನ್ನೊಂದು ಸಾಲಿನ ವಿಷಯ ನಮಗೆ ಗೊತ್ತಾದದ್ದು ಅಂದೇ. ಮರುದಿನ ಆಫೀಸರನ ಹತ್ತಿರ ಹೋಗಿ, ಎದುರಿನವಳಿಗೆ ಇಲ್ಲಿ ಕೆಲಸ ಕೊಡದಿದ್ದರೆ ನನಗೆ ಬಡ್ತಿಯೂ ಬೇಡ, ಕೆಲಸವೂ ಬೇಡ ಎಂದಳು. ಆತ ಇದಕ್ಕೇ ಕಾಯುತ್ತಿದ್ದವನಂತೆ ಒಪ್ಪಿದ. ಹತ್ತು ಶೌಚಾಲಯಗಳ ಉಸ್ತುವಾರಿ ಎದುರಿನವಳಿಗೆ ಬಂತು. ಕೆಂಪು ಅಂಗಿ ಹೋಗಿ ನೀಲಿ ಅಂಗಿ ಬಂತು. ಎದುರಿನವಳು ಈಗ ಪಕ್ಕದವಳಾದಳು ಎಂದು ನಾನೊಂದು ತಮಾಷೆ ಮಾಡಲು ಹೋಗಿ ಅಮ್ಮನಿಂದ ಬೈಸಿಕೊಂಡೆ.

ಹತ್ತಿರ ಬಂದ ಮೇಲೆಯೇ ಇಬ್ಬರೂ ದೂರವಾದದ್ದು. ಬೆಲೆಯ ಹಾಳೆ ನಿಂತಿತ್ತು, ಮಂಗಳವಾರದ ಕಟ್ಟೆಯೂ ನಿಂತಿತು. ಎದುರಿನವಳು ಮೊದಲೆರಡು ವಾರ ಮೂರು ಗಂಟೆಗೆ ಕಾಫಿ ಹಿಡಿದು ಬಂದಳಂತೆ. ದೊಡ್ಡಮ್ಮ ಸಾಮಾನು ಎಣಿಸುವುದಿದೆ, ಫೋನು ಬರುವುದಿದೆ ಎಂದು ತಪ್ಪಿಸಿಕೊಂಡಳು. ನಾನು ಆಗ ಹತ್ತಿರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ದಿನಾ ಸಂಜೆ ಐದಕ್ಕೆ ದೊಡ್ಡಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದೆ. ಎದುರಿನವಳು ಬಕೆಟ್ಟು ಹಿಡಿದು ಎದುರಾದರೆ ಇವಳು ಕೈಚೀಲದೊಳಗೆ ಏನೋ ಹುಡುಕುವಳು. ನನಗೆ ರೇಗಿಹೋಗುತ್ತಿತ್ತು. ಹೇಳಿ ಮುಗಿಸಬಾರದೇ, ಹೆಚ್ಚೆಂದರೆ ಒಂದು ದಿನ ಬೈದಾಳು ಎಂದು ಎಷ್ಟೋ ಸಲ ಹೇಳಿದೆ. ಮಗಳ ಓದು ಮುಗಿಯಲಿ ಎಂದಳು. ಮುಗಿಯಿತು. ಅವಳ ಸೊಂಟನೋವು ಕಡಿಮೆಯಾಗಲಿ ಎಂದಳು. ಅದೂ ಆಯಿತು. ತಿಳಿದರೆ ಅವಳು ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆಯಲ್ಲಿ ಇವಳೇ ಮೂರು ವರ್ಷ ಅವಳ ಮುಖ ನೋಡಲಿಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳುವಷ್ಟು ಬುದ್ಧಿ ನನಗೂ ಇರಲಿಲ್ಲ ಎಂದು ಈಗ ಬೇಸರವಾಗುತ್ತದೆ.

ಎದುರಿನವಳ ಮಗಳಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿತು, ತಾಯಿಯನ್ನು ಅಲ್ಲಿಗೇ ಕರೆಸಿಕೊಂಡಳು. ಎದುರಿನವಳ ಕೆಲಸದ ಕೊನೆಯ ದಿನ ನಾನು ಸ್ವಲ್ಪ ಬೇಗ ಹೋಗಿದ್ದೆ. ಸಾಮಾನು ಕೋಣೆಯಲ್ಲಿ ಅವಳು ಒಗೆದ ಎರಡು ಅಂಗಿಗಳನ್ನು ಮಡಿಸಿ ಮೇಲ್ವಿಚಾರಕಿಗೆ ಒಪ್ಪಿಸುತ್ತಿದ್ದಳು. ದೊಡ್ಡಮ್ಮ ಅಂಗಿ ತೆಗೆದುಕೊಂಡು, ರಿಜಿಸ್ಟರಿನಲ್ಲಿ ಗುರುತು ಹಾಕಿ, ಪೆನ್ನು ಮುಚ್ಚಿದಳು. ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು. ಕೊನೆಗೆ ನೆಲ ನೋಡುತ್ತಾ ಹೇಳಿದಳು.

“ನಿನ್ನ ಅಂಗಡಿ ಮುಚ್ಚಿಸಿದ್ದು ನಾನೇ ಕಣೆ. ಹಾಳೇಲಿ ನಿನ್ನ ವಿಷಯ ಎಲ್ಲಾ ಬರೆದುಬಿಟ್ಟಿದ್ದೆ.”

“ಗೊತ್ತು ಅಕ್ಕಾ,” ಎಂದಳು ಎದುರಿನವಳು. “ನನ್ನ ಕೆಲಸಕ್ಕೆ ತಗೊಂಡ ದಿನಾನೇ ಆಫೀಸರು ಆ ಹಾಳೆ ಕೈಗೆ ಕೊಟ್ಟು ಓದಿಸಿದ್ರು.”

ದೊಡ್ಡಮ್ಮ ಪೆನ್ನು ಪಕ್ಕಕ್ಕಿಟ್ಟು ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಮತ್ತೆ ಒಂದು ಮಾತು ಕೇಳ್ಲಿಲ್ವಲ್ಲೇ ನನ್ನ.”

“ನೀವಾಗೇ ಹೇಳ್ತೀರಿ ಅಂತ ಇದ್ದೆ. ಅದನ್ನ ಓದಿದಾಗ ಅಂಗಡಿ ಹೋದ ಸಂಕಟ ಒಂದು ಕಡೆ, ಖುಷಿ ಒಂದು ಕಡೆ. ನನ್ನ ಕೆಲಸಾನ ಅಷ್ಟು ನೋಡಿದೋರು ಯಾರಿದ್ರು? ಅವತ್ತೇ ಕಾಫಿ ತಗೊಂಡು ಬಂದೆ, ಅದನ್ನೇ ಹೇಳೋಣ ಅಂತ. ನೀವು ಕೂರ್ಲಿಲ್ಲ. ಮುಂದಿನ ವಾರಾನೂ ಕೂರ್ಲಿಲ್ಲ. ಆಮೇಲೆ ನಂಗೂ ಮನಸ್ಸು ಮುರೀತು. ಬರೆದದ್ದನ್ನ ಯಾವತ್ತೋ ಹೊಟ್ಟೆಗೆ ಹಾಕ್ಕೊಂಡಿದ್ದೆ. ನೀವು ಮೂರು ವರ್ಷ ಮುಖ ತಿರುಗಿಸಿದ್ದನ್ನ ಮಾತ್ರ ಆಗ್ಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ದೊಡ್ಡಮ್ಮ ಹೊಸ ಊರಿನ ವಿಳಾಸ ಕೇಳಿದಳು. ಮನೆ ಇನ್ನೂ ನಿಶ್ಚಯವಾಗಿಲ್ಲ, ಆದಮೇಲೆ ತಿಳಿಸುತ್ತೇನೆ ಎಂದು ಅವಳು ಮರ್ಯಾದೆಯಿಂದಲೇ ಹೇಳಿದಳು. ಆಮೇಲೆ ನನ್ನ ಕೆನ್ನೆ ತಟ್ಟಿ, ದೊಡ್ಡಮ್ಮನ ಕಾಲಿನ ಊತಕ್ಕೆ ಒಮ್ಮೆ ಡಾಕ್ಟರಿಗೆ ತೋರಿಸಮ್ಮ, ಮೂರು ತಿಂಗಳಿಂದ ಎಡಗಾಲು ಎಳೆದು ನಡೆಯುತ್ತಿದ್ದಾರೆ ಎಂದಳು. ದಿನವೂ ಜೊತೆಗಿದ್ದ ನಾನು ಅದನ್ನು ಗಮನಿಸಿರಲಿಲ್ಲ.

ಕಾರಿನಲ್ಲಿ ಅರ್ಧ ದಾರಿ ಕಳೆದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು.

“ನಾನು ಬಯ್ಗುಳ ತಿನ್ನಬೇಕಾಗತ್ತೆ ಅಂತ ಬಚ್ಚಿಟ್ಕೊಂಡಿದ್ದೆ ಕಣೆ. ಅವಳು ಥ್ಯಾಂಕ್ಸ್ ಹೇಳೋಕೆ ಬಂದಿದ್ಳು.”

ವಿಳಾಸ ಬರಲಿಲ್ಲ.